ದೇವರಿಗೆ ಬಿಟ್ಟ ಹಲ್ಲು

ಮೂರನೆಯ ಸಲವೂ ಹಲ್ಲು ವಾಪಸ್ ಬಂತು.

ಚನ್ನವೀರ ಅದನ್ನು ಕೋರೆಹಲ್ಲು ಎಂದು ಗುರುತಿಸಿ ಕಳಿಸಿದ್ದ. ಯಂತ್ರ ಅದನ್ನು ಬಾಚಿಹಲ್ಲು ಎಂದು ತಿದ್ದಿ, ಅವನ ಹೆಸರಿನ ಮುಂದೆ ಕೆಂಪು ಚುಕ್ಕೆಯಿಟ್ಟು ಹಿಂದಿರುಗಿಸಿತ್ತು. ಪರದೆಯ ಬೂದು ಬಣ್ಣದಲ್ಲಿ ಒಂದು ಮೇಲ್ದವಡೆ ತೇಲುತ್ತಿತ್ತು. ತುಟಿಯಿಲ್ಲ, ಕೆನ್ನೆಯಿಲ್ಲ, ಕೂಗಿಕೊಳ್ಳಲು ಗಂಟಲಿಲ್ಲ.

ಜೆ.ಪಿ. ನಗರದ ಈ ಕಚೇರಿಯಲ್ಲಿ ಯಾರೂ ಬಾಯಿ ತೆಗೆಯುವುದಿಲ್ಲ. ಬಾಯಿಗಳು ಕ್ಲಿನಿಕ್ಕುಗಳಲ್ಲೇ ಸ್ಕ್ಯಾನ್ ಆಗಿ ಬರುತ್ತವೆ. ಯಾವ ಹಲ್ಲು ಯಾವುದು, ಎಲ್ಲಿ ನಿಂತಿದೆ, ಎಷ್ಟು ವಾಲಿದೆ ಎಂದು ನ್ಯೂರಲ್ ನೆಟ್‌ವರ್ಕ್ ಅಂದಾಜು ಮಾಡುತ್ತದೆ. ದಂತವೈದ್ಯ ಓದಿದ ಚನ್ನವೀರ ನೋಡಿ ಒಪ್ಪಬೇಕು. ಒಪ್ಪಿದರೆ ಹಲ್ಲನ್ನು ಸರಿಸುವ ಪ್ಲಾಸ್ಟಿಕ್ ಪ್ಲೇಟುಗಳು ಅಚ್ಚಾಗುತ್ತವೆ.

ಎರಡು ವರ್ಷದ ಹಿಂದೆ ಆ ನೆಟ್‌ವರ್ಕಿಗೆ ಅಕ್ಷರಾಭ್ಯಾಸ ಮಾಡಿಸಿದವರಲ್ಲಿ ಅವನೂ ಒಬ್ಬ. ಇದು ಕೋರೆ, ಇದು ದವಡೆ, ಇದು ಬುದ್ಧಿಹಲ್ಲು. ಸಾವಿರಾರು ಬಾಯಿ ತೋರಿಸಿ ಕಲಿಸಿದ. ಈಗ ಅವನು ಅದರ ಮಾತನ್ನು ಎಷ್ಟು ಸಲ ಒಪ್ಪುತ್ತಾನೆ ಎಂಬುದರ ಮೇಲೆ ಅವನಿಗೆ ಅಂಕ. ಶಿಷ್ಯ ಮೇಷ್ಟರ ಪೇಪರು ತಿದ್ದುತ್ತಿದ್ದ.

ಬಾಯಿಗೆ ಹೆಸರಿರುವುದಿಲ್ಲ. ಆದರೂ ಈ ಬಾಯಿ ಯಾರದೆಂದು ಅವನಿಗೆ ಗೊತ್ತಿತ್ತು.

ಬಿ.ಟಿ.ಎಂ.ನಲ್ಲಿ ಅವನು ಬಾಡಿಗೆಗಿದ್ದ ಮನೆಯ ಮಾಲೀಕ ಚಿಕ್ಕಬೈರಪ್ಪನ ಮಗಳದು. ಅವರ ಮನೆತನದಲ್ಲಿ ಎಡಗಡೆಯ ಒಂದು ಬಾಚಿಹಲ್ಲು ಹುಟ್ಟುವುದೇ ಇಲ್ಲ. ಆ ಜಾಗಕ್ಕೆ ಕೋರೆ ಬಂದು ಕೂತಿರುತ್ತದೆ. ಮನೆ ಕೇಳಲು ಬಂದ ದಿನವೇ ಚಿಕ್ಕಬೈರಪ್ಪನ ತಾಯಿ ಅಕ್ಕಯಮ್ಮ, ಹುಡುಗ ಹಲ್ಲಿನ ಡಾಕ್ಟ್ರು ಎಂದು ತಿಳಿದು, ತುಟಿ ಎತ್ತಿ ತೋರಿಸಿದ್ದಳು. "ನಮ್ಮನೇಲಿ ಹುಟ್ಟೋರು ಒಂದ್ ಹಲ್ಲು ಬೇಗೂರು ನಾಗೇಶ್ವರನ ಹತ್ರಾನೇ ಬಿಟ್ಟು ಬರೋದು ಕಣಪ್ಪ. ದೇವ್ರು ಏನ್ ಮಾಡ್ಕೊತಾನೋ ಏನೋ."

ಯಂತ್ರಕ್ಕೆ ಈ ಹರಕೆ ತಿಳಿಯದು. ಇಲ್ಲದ ಹಲ್ಲಿನ ಜಾಗವನ್ನು ಅದು ಖಾಲಿ ಬಿಡಲಿಲ್ಲ. ಅಲ್ಲಿಂದಾಚೆ ಪ್ರತಿ ಹಲ್ಲಿಗೂ ಅದಕ್ಕೆ ಮೊದಲಿನದರ ಹೆಸರು ಕೊಟ್ಟಿತ್ತು, ಕೋರೆಗೆ ಬಾಚಿ ಎಂದು. ಕೋರೆಯ ಉದ್ದ ಬೇರನ್ನು ಪುಟ್ಟ ಬಾಚಿಯ ಬೇರೆಂದು ಎಣಿಸಿ ತಿರುಚಲು ಹೊರಟಿತ್ತು. ಹಿಂದಿನ ಪ್ಲೇಟುಗಳಿಂದ ಆಗಲೇ ಒಂದಷ್ಟು ತಿರುಚಿಯೂ ಇತ್ತು. ಕ್ಲಿನಿಕ್ಕಿನವರು ಬರೆದಿದ್ದರು: ಪ್ಲೇಟು ಕೂರುತ್ತಿಲ್ಲ, ನೋವು ಎನ್ನುತ್ತಾರೆ, ಹೊಸದು ಬೇಕು.

"ಗುರು, ಬೆಳಗ್ಗೆಯಿಂದ ಒಂದೇ ಕೇಸ್ ಜೊತೆ ಏನ್ ಜಗಳ ನಿಂದು?" ತಂಡದ ಮುಖ್ಯಸ್ಥ ದೀಪಕ್ ಕುರ್ಚಿ ಉರುಳಿಸಿಕೊಂಡೇ ಬಂದ.

"ಅದು ತಪ್ಪೈತಿ. ಕೋರೆಹಲ್ಲದು."

"ಮಾಡೆಲ್ ತೊಂಬತ್ತೆಂಟು ಪರ್ಸೆಂಟ್ ಶ್ಯೂರ್ ಇದೆ. ನೀನೆಷ್ಟು?"

"ನಾನು ಡಾಕ್ಟರ್."

"ಅದು ಗೊತ್ತು ಮಗಾ. ಪರ್ಸೆಂಟ್ ಕೇಳ್ದೆ."

"ಆ ಹುಡುಗಿ ಹಲ್ಲು ಅಳ್ಳಾಡ್ತದ, ಹಿಂಗ ಬಿಟ್ರ."

ದೀಪಕ್ ಕುರ್ಚಿ ನಿಲ್ಲಿಸಿದ. "ಹುಡುಗಿ ಅಂತ ಹೆಂಗ್ ಗೊತ್ತಾಯ್ತು? ಗೊತ್ತಿರೋರ ಕೇಸ್ ಮುಟ್ಟಂಗಿಲ್ಲ ಅಲ್ವಾ?"

"ಯಾರಂತ ನನಗೇನ್ ಗೊತ್ತು."

"ಮತ್ತೆ ಒಪ್ಕೊಂಡ್ಬಿಡು. ನಿನ್ ಮ್ಯಾಚ್ ಸ್ಕೋರ್ ಪಾತಾಳದಲ್ಲಿದೆ. ಮೇಲ್ಗಡೆ ಕೆಲಸದಿಂದ ತೆಗೆಯೋರ ಹೆಸರು ಕೇಳ್ತಿದಾರೆ, ನಾನೆಷ್ಟ್ ದಿನ ಸುಳ್ಳು ಹೇಳ್ಲಿ?"

ಚನ್ನವೀರ ಒಪ್ಪಿಗೆ ಒತ್ತಿದ. ದವಡೆ ಹಸಿರಾಗಿ, ಮಾಯವಾಗಿ, ಇನ್ನೊಂದು ದವಡೆ ಬಂತು. ಮಾನಿಟರನ್ನು ಎತ್ತಿ ಕಿಟಕಿಯಾಚೆ ಎಸೆಯಬೇಕೆನಿಸಿತು. ಎದ್ದು ಹೋಗಿ ಚಹಾ ತಂದುಕೊಂಡ. ತಂದವನು ಕುಡಿಯಲಿಲ್ಲ.

ಸಂಜೆ ನಡೆದೇ ಮನೆಗೆ ಹೊರಟ. ಸಿಗ್ನಲ್ಲಿನಲ್ಲಿ ಬೈಕಿನ ಮೇಲೊಬ್ಬ ಫೋನಿನಲ್ಲಿ ನಗುತ್ತಿದ್ದ. ಅವನ ಹಲ್ಲುಗಳ ಮೇಲೆ ಸಿಟ್ಟು ಬಂತು. ಪ್ಲೇಟು ತೆಗೆದಿಡು ಎಂದು ಆ ಹುಡುಗಿಗೆ ಹೇಳಿದರೆ ಮುಗಿಯಿತು. ಒಂದೇ ಮಾತು. ಆದರೆ ಹೇಗೆ ಗೊತ್ತಾಯಿತು ಅಂತಾರೆ. ನೋಡಿದೆ ಅನ್ನಬೇಕು. ನೋಡಿ ಏನು ಮಾಡಿದೆ ಅಂತಾರೆ.

ಚಿಕ್ಕಬೈರಪ್ಪ ಗೇಟಿನಲ್ಲೇ ನಿಂತಿದ್ದ. ಒಳಗೆ ಜಗುಲಿಯ ಮೇಲೆ ಅಕ್ಕಯಮ್ಮ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಚೈತನ್ಯ ಕೆನ್ನೆಗೆ ಕೈಯಿಟ್ಟು ಕೂತಿದ್ದಳು. ಬರುವ ತಿಂಗಳು ಅವಳ ಮದುವೆ.

"ಬಂದ್ರಾ ಡಾಕ್ಟ್ರೇ," ಎಂದ ಚಿಕ್ಕಬೈರಪ್ಪ. "ಇವಳು ಎರಡು ದಿನದಿಂದ ಮುದ್ದೆ ಬಿಟ್ಟು ಗಂಜಿ ಕುಡೀತಾವ್ಳೆ. ನಾನಂದೆ, ಕಂಪ್ನಿ ಡಾಕ್ಟ್ರೇ ಮಹಡಿ ಮೇಲವ್ರೆ, ನಿಂಗೇನಮ್ಮ ಭಯ ಅಂತ."

"ಈ ವಾರ ಹೊಸ ಪ್ಲೇಟ್ ಬರುತ್ತಂತೆ," ಎಂದಳು ಚೈತನ್ಯ. "ಅದು ಹಾಕ್ಕೊಂಡ್ರೆ ಸರಿಹೋಗುತ್ತಾ ಅಣ್ಣ?"

ಆ 'ಅಣ್ಣ' ಅವನಿಗೆ ಸಹಿಸಲಾಗಲಿಲ್ಲ. ಎಂ.ಕಾಂ. ಓದಿದವಳು, ತನ್ನ ಬಾಯಿಯ ನೋವನ್ನು ತಾನೇ ನಂಬಲಾರಳೇ? ಅದಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕೇ?

"ಇದನ್ನ ಹಾಕಿಸ್ಕೊಳ್ಳಾಕ ಯಾರು ಹೇಳಿದ್ರು ನಿಮಗ?" ದನಿ ತಾನಾಗಿ ಒರಟಾಯಿತು.

"ನೀನೇ ಅಲ್ವೇನಪ್ಪ," ಎಂದಳು ಅಕ್ಕಯಮ್ಮ, ಕಾಳಿನಿಂದ ಕಣ್ಣೆತ್ತದೆ. "ನಮ್ ಕಂಪ್ನೀದೇ ಒಳ್ಳೇದು ಅಂದೆ."

ಚಿಕ್ಕಬೈರಪ್ಪ ನಕ್ಕ. "ಅವ್ವ, ಸುಮ್ಕಿರು. ದಣಿದು ಬಂದವ್ರೆ. ನೋಡಿ ಸಾರ್, ಹಂಗೇ ಒಂದ್ಸಲ."

"ಬಾಯಿ ತೆಗೀರಿ," ಎಂದ ಚನ್ನವೀರ.

ಅವಳು ಪ್ಲೇಟು ತೆಗೆದು ಬಾಯಿ ತೆರೆದಳು. ಚಿಕ್ಕಬೈರಪ್ಪ ಮೊಬೈಲಿನ ಬೆಳಕು ಹಿಡಿದ. ಎಷ್ಟೋ ತಿಂಗಳ ಮೇಲೆ ಚನ್ನವೀರ ಜೀವಂತ ಬಾಯಿಯೊಂದನ್ನು ನೋಡುತ್ತಿದ್ದ. ಒಳಗಿನ ಬಿಸಿ ಗಾಳಿ ಮುಖಕ್ಕೆ ತಾಗಿತು. ನಡುವಿನಿಂದ ಎಡಕ್ಕೆ ಎಣಿಸಿದ. ಬಾಚಿ. ಮತ್ತೆ, ಬಾಚಿ. ಥತ್, ಅಲ್ಲ, ಕೋರೆ. ಮತ್ತೆ ಮೊದಲಿಂದ ಎಣಿಸಿದ. ಬಾಚಿ, ಬಾಚಿ. ಯಂತ್ರ ಕೊಟ್ಟ ಹೆಸರೇ ಅವನ ಕಣ್ಣಿಗೆ ಮೊದಲು ಕಾಣುತ್ತಿತ್ತು.

ತೋರುಬೆರಳಿಟ್ಟು ಒತ್ತಿದ. ಹಲ್ಲು ಅಲುಗಿತು. ಚೈತನ್ಯಳ ಕಣ್ಣಲ್ಲಿ ನೀರಾಡಿತು.

"ಏನ್ ಸಾರ್?" ಎಂದ ಚಿಕ್ಕಬೈರಪ್ಪ.

ಚನ್ನವೀರ ಬೆರಳನ್ನು ಅಲ್ಲೇ ಇಟ್ಟುಕೊಂಡ. ಬೆರಳು ತೆಗೆದರೆ ಏನಾದರೂ ಹೇಳಬೇಕಾಗುತ್ತದೆ. ಬೆರಳಿರುವ ತನಕ ಅವಳೂ ಏನೂ ಕೇಳಲಾರಳು.

ಅವಳು ಬಾಯಿ ತೆರೆದುಕೊಂಡೇ ಇದ್ದಳು, ನಂಬಿಕೆಯಿಂದ, ಇನ್ನೂ ಸ್ವಲ್ಪ ಅಗಲವಾಗಿ. ಎಂಜಲು ಅವನ ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ ಇಳಿದು, ಇಸ್ತ್ರಿ ಮಾಡಿದ ತೋಳಿನೊಳಗೆ ನಿಧಾನವಾಗಿ ಹರಿಯತೊಡಗಿತು.