ಸಾಲಿಲ್ಲದ ಸರದಿ

ಮೆಲ್ಬರ್ನಿನ ಗ್ಲಾಸುಗಳು ಯುಜಿನಿಯಾಳನ್ನು ಹೆದರಿಸಲಿಲ್ಲ. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಎಂಟು ವರ್ಷ ಪಬ್ಬಿನ ಕೌಂಟರಿನ ಹಿಂದೆ ನಿಂತು ಬಿಯರ್ ಸುರಿದವಳು ಅವಳು. ಮಿಡ್ಡಿ ಎಂದರೆ ಸಣ್ಣ ಗ್ಲಾಸು, ಸ್ಕೂನರ್ ಎಂದರೆ ಅದಕ್ಕಿಂತ ದೊಡ್ಡದು, ಪೈಂಟ್ ಎಂದರೆ ಇಂಗ್ಲೆಂಡಿನಿಂದ ಬಂದವರು ಕೇಳುವ ಇನ್ನೂ ದೊಡ್ಡದು. ಇದೆಲ್ಲ ಅವಳ ಕೈಗೇ ಗೊತ್ತಿತ್ತು. 2006ರಲ್ಲಿ ಗಂಡ ಕ್ಲಾರೆನ್ಸ್‌ಗೆ ಮೆಲ್ಬರ್ನಿಗೆ ವರ್ಗವಾದಾಗ ಮಿಡ್ಡಿಯ ಹೆಸರು ಪಾಟ್ ಎಂದಾಯಿತು, ಸ್ಕೂನರ್ ಕಣ್ಮರೆಯಾಯಿತು, ಅಷ್ಟೆ. ಮಂಗಳೂರಿನವಳಿಗೆ ಇದೇನು ಹೊಸತೇ? ಬಂಗುಡೆ ಮೀನಿಗೂ ಊರಿಗೊಂದು ಹೆಸರಿದೆ.

ಕಷ್ಟವಿದ್ದದ್ದು ಕೆಲಸ ಸಿಗುವುದರಲ್ಲಿ. ನಾಲ್ಕು ಪಬ್ಬುಗಳು ಅವಳ ನಲವತ್ತೈದರ ವಯಸ್ಸನ್ನು ಕಂಡು ನಯವಾಗಿ ಬಾಗಿಲು ತೋರಿಸಿದ್ದವು. ಐದನೆಯದರ ಒಡತಿ ಮೊರೀನ್ ಮಾತ್ರ, "ಮೂರು ದಿನ ನೋಡ್ತೀನಿ. ಶುಕ್ರವಾರ ಸಂಜೆ ಐದರ ಗುಂಪನ್ನು ನಿಭಾಯಿಸಿದರೆ ಕೆಲಸ ನಿನ್ನದು," ಎಂದಿದ್ದಳು.

ಕ್ಲಾರೆನ್ಸ್ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಹುಡುಕಿಯೂ ಇಟ್ಟಿದ್ದ. "ಎಂತ ಮಾರಾಯ್ತಿ, ಕೆಲಸ ಕೆಲಸವೇ ಅಲ್ವಾ?"

"ಅಲ್ಲಿಯ ಡಬ್ಬಗಳಿಗೆ ನನ್ನ ಗುರ್ತ ಉಂಟಾ?" ಎಂದು ಅವಳು ಮುಖ ತಿರುಗಿಸಿದ್ದಳು. ಅವಳಿಗೆ ಕೌಂಟರೇ ಬೇಕಿತ್ತು. ತನ್ನನ್ನು ಹೆಸರು ಹಿಡಿದು ಕರೆಯುವ ಜಾಗ ಈ ದೇಶದಲ್ಲಿ ಅದೊಂದೇ ಎಂಬುದು ಅವಳಿಗೆ ಗೊತ್ತಿತ್ತು.

ಪಬ್ಬಿನಲ್ಲಿ ಮೇಜಿನ ಬಳಿಗೆ ಬಂದು ಏನು ಕೊಡಲಿ ಎಂದು ಕೇಳುವ ಮಾಣಿ ಇಲ್ಲ. ಬೇಕಾದವರು ಕೌಂಟರಿಗೇ ಬರಬೇಕು. ಅಲ್ಲಿ ಸಾಲಿಲ್ಲ, ಟೋಕನ್ನಿಲ್ಲ. ಮೂವತ್ತು ಜನ ಅಡ್ಡಾದಿಡ್ಡಿ ನಿಂತಿರುತ್ತಾರೆ. ಒಬ್ಬನೂ ಚಿಟಿಕೆ ಹೊಡೆಯುವುದಿಲ್ಲ, ನೋಟು ಆಡಿಸುವುದಿಲ್ಲ. ಆದರೂ ತಾನು ಯಾರ ಹಿಂದೆ ಎಂಬುದು ಪ್ರತಿಯೊಬ್ಬನಿಗೂ ಗೊತ್ತು. ಕೌಂಟರಿನವಳು ತಪ್ಪಿ ಹಿಂದಿನವನನ್ನು ಕೇಳಿದರೆ, "ಇವರು ಮೊದಲು," ಎಂದು ಪಕ್ಕದವನತ್ತ ಗದ್ದ ಎತ್ತಿ ತೋರಿಸುತ್ತಾನೆ. ಕುಡಿಯಲು ಬಂದವರ ಶಿಸ್ತು ಇದು! ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ನಾವು ಇವರಿಗೆ ಕೈಮುಗಿಯಬೇಕು.

ಯುಜಿನಿಯಾ ಈ ಸೊಬಗನ್ನು ದೂರದಿಂದ ಮೆಚ್ಚಿದ್ದಳೇ ಹೊರತು ಇಂಥ ಗುಂಪನ್ನು ತಾನೇ ನಿಭಾಯಿಸಿರಲಿಲ್ಲ. ಸಿಡ್ನಿಯಲ್ಲಿ ಅವಳದು ಬೆಳಗಿನ ಪಾಳಿ. ಬರುವವರು ನಾಲ್ಕು ಮುದುಕರು. ಬಾಗಿಲಲ್ಲಿ ತಲೆ ಕಂಡರೆ ಸಾಕು, ಅವರು ಕೂರುವಷ್ಟರಲ್ಲಿ ಅವರವರ ಗ್ಲಾಸು ಮುಂದಿರುತ್ತಿತ್ತು. ಅದೇ ಅವಳ ಹೆಮ್ಮೆ.

ಶುಕ್ರವಾರ ಐದೂವರೆಗೆ ಕೌಂಟರು ತುಂಬಿ ತುಳುಕುತ್ತಿತ್ತು. ಆಗ ಕೆವ್ ಬಂದರು. ಎಂಬತ್ತು ದಾಟಿದವರು, ಹಿಂದೆ ಟ್ರಾಮ್ ಓಡಿಸಿದವರು, ಈಗ ಊರುಗೋಲು. ಹಿಂದಿನ ಎರಡು ದಿನವೂ ಬಂದು ಒಂದು ಪಾಟ್ ಡ್ರಾಫ್ಟ್ ಬಿಯರ್ ಕುಡಿದು ಹೋಗಿದ್ದರು. ಗುಂಪಿನ ನಡುವೆ ಅವರ ಕೋಲು ನಡುಗುವುದು ಕಂಡಿತು. ಹಿರಿಯರನ್ನು ಕಾಯಿಸಿ ಕಿರಿಯರಿಗೆ ಬಡಿಸುವುದುಂಟೇ? ಯುಜಿನಿಯಾಳ ಕೈ ತಾನಾಗಿ ಬಿಯರಿನ ನಲ್ಲಿಗೆ ಹೋಯಿತು. ನೊರೆ ತುಂಬಿದ ಪಾಟನ್ನು ಅವರ ಮುಂದಿಟ್ಟಳು.

ಕೆವ್ ಗ್ಲಾಸು ಮುಟ್ಟಲಿಲ್ಲ.

"ಲವ್, ಇದು ಯಾರಿಗೆ?" ಎಂದರು. ಇಲ್ಲಿನವರು ಎಲ್ಲರನ್ನೂ ಲವ್ ಎನ್ನುತ್ತಾರೆ, ಬೇರೆ ಅರ್ಥ ಹುಡುಕಬಾರದು.

"ನಿಮಗೇ."

"ನಾನಿನ್ನೂ ಕೇಳಿಲ್ಲವಲ್ಲ. ಆ ಕೆಂಪು ಗಡ್ಡದವನು, ಆಮೇಲೆ ಇಬ್ಬರು ಹುಡುಗಿಯರು, ಆಮೇಲೆ ಟೈ ಕಟ್ಟಿದವನು. ಅವರಾದ ಮೇಲೆ ನಾನು. ಕಾಲು ಹೋಗಿದೆ, ಸರದಿ ಹೋಗಿಲ್ಲ."

"ಇರಲಿ ಬಿಡಿ, ಪಾಪ, ಅವರು ಕುಡಿಯಲಿ," ಎಂದ ಕೆಂಪು ಗಡ್ಡದವನು. ಕೆವ್ ಅವರ ಕಿವಿ ಕೆಂಪಾಯಿತು.

ಆ ಕಿವಿ ನೋಡಿ ಯುಜಿನಿಯಾಳಿಗೆ ತನ್ನ ತಪ್ಪು ತಿಳಿಯಿತು. ಮರ್ಯಾದೆ ಕೊಡಲು ಹೋಗಿ ಆ ಮನುಷ್ಯನನ್ನು ಎಲ್ಲರ ನಡುವಿನಿಂದ ಎತ್ತಿ ಮೂಲೆಗಿಟ್ಟಿದ್ದಳು. ಗಲ್ಲಾದ ಬಳಿಯಿಂದ ಮೊರೀನ್ ನೋಡುತ್ತಿದ್ದಳು. ಕೆಲಸ ಹೋಯಿತು ಎಂದುಕೊಂಡಳು ಯುಜಿನಿಯಾ, ಆದರೆ ಆ ಗಳಿಗೆಯಲ್ಲಿ ಅವಳಿಗೆ ಹೆಚ್ಚು ನೋವಾದದ್ದು ಕೆವ್ ಅವರ ಮುಖ ನೋಡಿ.

"ಕ್ಷಮಿಸಿ, ತಪ್ಪಾಯ್ತು," ಎಂದು ಪಾಟನ್ನು ಎತ್ತಿ ಸಿಂಕಿಗೆ ಸುರಿದಳು. ಕೆಂಪು ಗಡ್ಡದವನಿಗೆ ಎರಡು ಪೈಂಟ್ ಕೊಟ್ಟಳು. ಹುಡುಗಿಯರಿಗೆ ನಿಂಬೆರಸ ಬೆರೆಸಿದ ಜಿನ್, ಟೈಯವನಿಗೆ ಲೆಮನೇಡ್ ಬೆರೆಸಿದ ಬಿಯರ್, ಅಂದರೆ ಶಾಂಡಿ. ಅಷ್ಟು ಹೊತ್ತೂ ಕೆವ್ ಎರಡೂ ಕೈ ಕೋಲಿನ ಮೇಲಿಟ್ಟು ನೆಟ್ಟಗೆ ನಿಂತಿದ್ದರು.

"ಮುಂದೆ ಯಾರು?" ಎಂದು ಕೇಳಿದಳು, ಆ ಮುಖವನ್ನು ಮೊದಲ ಸಲ ಕಂಡವಳ ಹಾಗೆ.

"ನಾನು," ಎಂದರು ಕೆವ್.

"ಏನು ಕೊಡಲಿ?"

"ಒಂದು ಪಾಟ್ ಡ್ರಾಫ್ಟ್, ಲವ್."

ಅರ್ಧ ಗ್ಲಾಸನ್ನು ಒಂದೇ ಗುಟುಕಿಗೆ ಇಳಿಸಿ ಅವರು ಕಿಟಕಿಯ ಬಳಿಗೆ ಹೋದರು. ಅಲ್ಲಿಂದ ಮುಂದೆ ಯುಜಿನಿಯಾ, ಜಪಮಾಲೆಯ ಮಣಿಗಳಂತೆ ಮುಖಗಳನ್ನು ಒಂದೊಂದಾಗಿ ಸರಿಸುತ್ತ ಹೋದಳು. ಯಾರು ಬಂದರು, ಯಾರ ಹಿಂದೆ ಬಂದರು, ಒಂದೂ ತಪ್ಪಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಗುತ್ತಿತ್ತು.

ಏಳಕ್ಕೆ ಪಾಳಿ ಮುಗಿಯಿತು. ಹೊರಗೆ ಬೇಸಿಗೆಯ ಬಿಸಿಲು ಇನ್ನೂ ಇತ್ತು. ಮೊರೀನ್ ಒಳ್ಳೆಯದನ್ನೂ ಅನ್ನಲಿಲ್ಲ, ಕೆಟ್ಟದ್ದನ್ನೂ ಅನ್ನಲಿಲ್ಲ. ಪಾಳಿ ಮುಗಿಸಿದವರಿಗೆ ಒಂದು ಗ್ಲಾಸು ಪಬ್ಬಿನ ಲೆಕ್ಕದಲ್ಲಿ; ಅದನ್ನೂ ಗಿರಾಕಿಗಳ ಕಡೆ ನಿಂತೇ ಕೇಳಬೇಕು. ಏಪ್ರನ್ ಕಳಚಿ, ಕೌಂಟರನ್ನು ಸುತ್ತಿ ಬಂದು, ಯುಜಿನಿಯಾ ಗುಂಪಿನಲ್ಲಿ ನಿಂತಳು. ಕುಡಿದು ಹೊರಡುವುದು, ನಾಳೆ ಗೋದಾಮು ಎಂದುಕೊಂಡಳು. ಆದರೂ ಕೈ ಎತ್ತಲಿಲ್ಲ, ಕಾದಳು.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಕೋಲಿನ ಸದ್ದಾಯಿತು. ಎರಡನೆಯ ಪಾಟ್‌ಗೆ ಬಂದಿದ್ದರು ಕೆವ್. ಮೊರೀನ್ ಇತ್ತ ತಿರುಗಿದವಳೇ, "ಅದೇ ತಾನೇ ಕೆವ್?" ಎಂದು ನಲ್ಲಿಗೆ ಕೈಹಾಕಿದಳು.

ಕೆವ್ ಬೇಡವೆಂದು ತಲೆಯಾಡಿಸಿ ಗದ್ದದಿಂದ ಯುಜಿನಿಯಾಳನ್ನು ತೋರಿಸಿದರು.

"ಇವಳು ನನಗಿಂತ ಮುಂಚೆ ಬಂದಿದ್ದಾಳೆ."

ಮೊರೀನ್ ಅವಳನ್ನು ನೋಡಿದಳು. "ಏನು ಕೊಡಲಿ? ಕುಡಿದು ಬೇಗ ಮನೆಗೆ ಹೋಗು. ಸೋಮವಾರ ಹನ್ನೊಂದಕ್ಕೆ ನೀನು ಕೌಂಟರಿನ ಈಚೆ ಕಡೆ ಇರಬೇಕು."

ಯುಜಿನಿಯಾಳ ಕಣ್ಣು ತುಂಬಿತು. "ಒಂದು ಪಾಟ್," ಎಂದಳು.

ಕೆವ್ ಅವರಿಗೂ ಒಂದು ಎಂಬ ಮಾತು ನಾಲಿಗೆಯ ತುದಿವರೆಗೆ ಬಂತು. ಹೇಳಲಿಲ್ಲ. ಅವರ ಸರದಿ ಇನ್ನೇನು ಬರಲಿತ್ತು.