ಹಿಂದಿನ ಸೀಟು

ಎರಡು ಸಾವಿರದ ಇಸವಿಯ ಆಯುಧಪೂಜೆಯ ಬೆಳಗ್ಗೆ. ವಿದ್ಯಾರಣ್ಯಪುರಂನ ತನ್ನ ಮನೆಯ ಗೇಟಿನ ಮುಂದೆ ನಿಂತಿದ್ದ ಗಾಡಿಯನ್ನು ಗಿರಿಜಾಂಬಾ ಆಗಲೇ ನಾಲ್ಕಾರು ಸಲ ಹತ್ತಿ ಇಳಿದಿದ್ದಳು. ಕಿಟಕಿಯ ಪರದೆ ಸರಿಮಾಡುವುದು, ಇಳಿಯುವುದು, ದೂರ ನಿಂತು ನೋಡುವುದು, ಮತ್ತೆ ಹತ್ತಿ ಅದೇ ಪರದೆಯನ್ನು ಮೊದಲಿದ್ದ ಹಾಗೆ ಎಳೆಯುವುದು. ಪರದೆಗೆ ಏನೂ ಆಗಿರಲಿಲ್ಲ, ಆಗಿದ್ದೆಲ್ಲ ಅವಳಿಗೇ. ಹಿಂದಿನ ಸೀಟಿನ ಮೇಲೆ ಒಂದು ತಟ್ಟೆ ಇತ್ತು. ತಟ್ಟೆಯಲ್ಲಿ ಪಂಚೆ, ಶರ್ಟ್ ಪೀಸು, ವೀಳ್ಯದೆಲೆ, ಬಾಳೆಹಣ್ಣು ಇದ್ದವು. ಅದರ ಕಡೆ ಮಾತ್ರ ಅವಳು ಕಣ್ಣು ಹಾಯಿಸುತ್ತಿರಲಿಲ್ಲ.

ಗಾಡಿ ಎಂದರೆ ಅಂತಿಂಥ ಗಾಡಿಯಲ್ಲ. ಊದುಬತ್ತಿ ವ್ಯಾಪಾರ ಕೈ ಹಿಡಿದ ಮೇಲೆ ಗಂಡ ಸಿದ್ದಮಲ್ಲಪ್ಪ ಒಂದು ವ್ಯಾನು ಕೊಂಡು, ಒಳಗೆ ಮಡಿಸುವ ಮಂಚ, ಗ್ಯಾಸ್ ಒಲೆ, ಕೈ ತೊಳೆಯುವ ಬೇಸಿನ್ನು, ತಲೆಯ ಮೇಲೆ ನೀರಿನ ಟ್ಯಾಂಕು ಎಲ್ಲ ಕೂಡಿಸಿ ಒಂದು ಓಡಾಡುವ ಮನೆಯನ್ನೇ ಮಾಡಿಸಿದ್ದ. ಆಗ ಮೈಸೂರಿನಲ್ಲಿ ಅಂಥ ಗಾಡಿ ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅವರೆಲ್ಲ ಸೇರಿ ‘ಸಂಚಾರಿ ಕುಟುಂಬ ಬಳಗ’ ಅಂತ ಒಂದನ್ನು ಕಟ್ಟಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ಸಾಲಾಗಿ ಹೊರಟು ಬಲಮುರಿಗೋ ತಲಕಾಡಿಗೋ ಹೋಗುವುದು, ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸುವುದು, ಹೊಳೆಗೆ ಬೆನ್ನು ಹಾಕಿ ಕೂತು ಒಬ್ಬರು ಇನ್ನೊಬ್ಬರ ಗಾಡಿಯನ್ನು ನೋಡುವುದು. ಬಳಗದ ಕೆಲಸ ಇಷ್ಟೇ.

ನೋಡುವುದು ಅಂದರೆ ಅಳೆಯುವುದು. ಬೆಂಗಳೂರಿನಲ್ಲಿ ಬಾಡಿ ಕಟ್ಟಿಸಿದವರಿಗೆ ಇಲ್ಲೇ ಕಟ್ಟಿಸಿದವರೆಂದರೆ ಒಂದು ತೂಕ ಕಮ್ಮಿ. ಮಡಿಸುವ ಕುರ್ಚಿ ತಂದವರು ಜಮಖಾನ ಹಾಸಿದವರನ್ನು ಕಂಡು ಮೂಗು ಮುರಿಯುವರು. ಅಧ್ಯಕ್ಷೆ ಸುಷ್ಮಾ ಬನ್ನಿಮಂಟಪದವಳು, ಕಂಟ್ರಾಕ್ಟರ್ ಶಿವಕಿರಣನ ಹೆಂಡತಿ. ಅವಳ ಗಾಡಿಯಲ್ಲಿ ಎ.ಸಿ. ಇತ್ತು, ಕಮೋಡೂ ಇತ್ತು. ಹೊಸಬರು ಬಂದರೆ ಒಳಗೆ ಕರೆದುಕೊಂಡು ಹೋಗಿ ಆ ಕಮೋಡಿನ ದರ್ಶನ ಮಾಡಿಸುತ್ತಿದ್ದಳು. ಅದನ್ನು ಯಾರಾದರೂ ಬಳಸಿದ್ದನ್ನು ಕಂಡವರಿಲ್ಲ. ಅದರ ಮುಚ್ಚಳದ ಮೇಲೆ ಸದಾ ಚಕ್ಕುಲಿ ಡಬ್ಬ ಕೂತಿರುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡ ಅಳತೆಗೋಲು ಡ್ರೈವರು. ಡ್ರೈವರ್ ಇಟ್ಟುಕೊಂಡವರ ಗಾಡಿ ಸಾಲಿನಲ್ಲಿ ಮುಂದೆ, ತಾವೇ ಓಡಿಸುವವರದು ಹಿಂದೆ. ಅಗ್ರಹಾರದ ನಾಗಮಣಿಯ ಗಂಡ ಮಾಧವ ಕಾಲೇಜಿನಲ್ಲಿ ಪಾಠ ಹೇಳುವವನು, ತನ್ನ ಹಳೇ ಮೆಟಡೋರನ್ನು ತಾನೇ ಓಡಿಸುತ್ತಿದ್ದ. ಹಾಗಾಗಿ ಅವರು ಪ್ರತಿಸಲವೂ ಎಲ್ಲರ ಧೂಳು ಕುಡಿಯುತ್ತ ಕೊನೆಯಲ್ಲಿ ಬರುತ್ತಿದ್ದರು. “ಪಾಪ, ಅವರೇ ಓಡಿಸ್ತಾರೆ ಕಣ್ರೀ,” ಎಂದು ಸುಷ್ಮಾ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು, ಯಾರದೋ ವಾಸಿಯಾಗದ ಕಾಯಿಲೆಯ ಸುದ್ದಿ ಹೇಳುವ ಹಾಗೆ.

ಗಿರಿಜಾಂಬಾಳ ಗಾಡಿ ಓಡಿಸುತ್ತಿದ್ದವನು ಮೃತ್ಯುಂಜಯ. ಅವನು ಅವಳ ಒಡಹುಟ್ಟಿದ ಅಣ್ಣ.

ಸರ್ಕಾರಿ ಬಸ್ಸಿನಲ್ಲಿ ಡ್ರೈವರಾಗಿದ್ದು ನಿವೃತ್ತನಾದ ಮನುಷ್ಯ. ತಂಗಿಯ ಮದುವೆಯ ದಿಬ್ಬಣದ ಬಸ್ಸನ್ನು ತಾನೇ ಓಡಿಸಿಕೊಂಡು ಹೋಗಿ, ಊರು ಬಂದಾಗಲೆಲ್ಲ ಹಾರನ್ ಬಾರಿಸಿ, ನನ್ನ ತಂಗಿ ಹೋಗ್ತಿದಾಳೆ ದಾರಿ ಬಿಡಿ ಎಂದು ಕೂಗಿದವನು. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಅವಳ ಬಾಗಿಲಲ್ಲಿ ನಿಲ್ಲುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂತ ಉಳಿದಿದ್ದು ಅವನೊಬ್ಬನೇ. ಹೊಸ ಗಾಡಿ ಬಂದ ದಿನ ಅದರ ಸುತ್ತ ಒಂದು ಸುತ್ತು ಬಂದು, “ಬೇರೆಯೋರ ಕೈಗೆ ಕೊಡ್ಬೇಡಿ ಭಾವ, ನಾನಿದೀನಲ್ಲ,” ಎಂದಿದ್ದ. ಸಂಬಳದ ಮಾತು ಅವನೂ ಎತ್ತಲಿಲ್ಲ, ಎತ್ತಿದ್ದರೆ ಇವರಿಗೂ ಬೇಜಾರಾಗುತ್ತಿತ್ತು.

ತಪ್ಪು ನಡೆದದ್ದು ಆ ವರ್ಷದ ಬೇಸಿಗೆಯಲ್ಲಿ, ಬಳಗದ ಜೊತೆ ಹೋದ ಮೊದಲನೇ ಸಲ. ಬಲಮುರಿಯಲ್ಲಿ ಗಾಡಿಗಳು ನಿಂತಿದ್ದವು. ಸುಷ್ಮಾ ಕುರ್ಚಿ ಎಳೆದುಕೊಂಡು ಪಕ್ಕ ಕೂತಳು. “ನಿಮ್ಮ ಡ್ರೈವರ್ ಎಷ್ಟು ನಾಜೂಕಾಗಿ ಓಡಿಸ್ತಾನೆ ಕಣ್ರೀ. ಎಲ್ಲಿ ಹಿಡಿದ್ರಿ ಇವನನ್ನ?”

ಗಿರಿಜಾಂಬಾಳ ಬಾಯಿಗೆ ‘ನಮ್ಮಣ್ಣ’ ಎನ್ನುವ ಮಾತು ಬಂದೇ ಬಂದಿತ್ತು. ಅಷ್ಟರಲ್ಲಿ ದೂರದಲ್ಲಿ ಮಾಧವ ಬಗ್ಗಿ ಟೈರಿಗೆ ಗಾಳಿ ಹೊಡೆಯುತ್ತಿದ್ದುದು ಕಣ್ಣಿಗೆ ಬಿತ್ತು. ಸಾಲಿನ ಕೊನೆಯ ಧೂಳು ನೆನಪಾಯಿತು. “ಸರ್ಕಾರಿ ಬಸ್ಸಲ್ಲಿದ್ರು. ರಿಟೈರ್ ಆಗಿದಾರೆ,” ಎಂದಳು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ.

ಎರಡು ಮಾರು ಆಚೆ ನೀರಿನ ಬಿಂದಿಗೆ ಹಿಡಿದು ನಿಂತಿದ್ದ ಮೃತ್ಯುಂಜಯನಿಗೆ ಅದು ಕೇಳಿಸಿತು. ಬಿಂದಿಗೆಯನ್ನು ಇಳಿಸಿ, ಡ್ರೈವರುಗಳು ಕೂತಿದ್ದ ಮರದ ಕೆಳಗೆ ಹೋಗಿ ಕೂತ. ಊಟಕ್ಕೂ ಅಲ್ಲೇ ಕೂತ. ಅಲ್ಲಿಯ ಪದ್ಧತಿ ಹಾಗೆ, ಮನೆಯವರದ್ದು ಮೊದಲು, ಡ್ರೈವರುಗಳದ್ದು ಆಮೇಲೆ.

ವಾಪಸು ಬರುವಾಗ ಅವಳಿಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಅವನೇ ಪಕ್ಕಕ್ಕೆ ತಿರುಗಿ ನಕ್ಕ. “ಬುಡು ಗಿರಿಜಾ. ನಾನು ಡ್ರೈವರ್ ಅಲ್ದೆ ಇನ್ನೇನು ಅಮಲ್ದಾರನಾ?” ಆ ನಗೆ ಕಂಡು ಅವಳಿಗೆ ಹೋದ ಜೀವ ಬಂದ ಹಾಗಾಯಿತು. ರಾತ್ರಿ ಗಂಡನಿಗೆ ಹೇಳಿದರೆ ಅವನೂ, “ಅಂದ್ಕೊಂಡ್ರೆ ಅಂದ್ಕೊಳ್ಲಿ ಬಿಡು, ನಮ್ಮ ಗಂಟೇನು ಹೋಯ್ತು,” ಎಂದು ಮಗ್ಗುಲು ಬದಲಿಸಿದ. ಅಲ್ಲಿಗೆ ಆ ಮಾತು ಮುಗಿಯಿತು. ಮುಂದಿನ ತಿಂಗಳಿನಿಂದ ಅಣ್ಣನ ಪಕ್ಕದ ಸೀಟು ಬಿಟ್ಟು ಅವಳು ಹಿಂದಿನ ಸೀಟಿನಲ್ಲಿ ಕೂರತೊಡಗಿದಳು, ಯಜಮಾನಿಯರೆಲ್ಲ ಹಾಗೇ ಕೂರುತ್ತಿದ್ದರಲ್ಲ. ಗಾಡಿ ಸಾಲಿನಲ್ಲಿ ಎರಡನೆಯದಾಯಿತು. ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದಾಗ ಮಾತ್ರ ಅವಳು ಅವನ ಮುಖ ನೋಡಲಾರದೆ ಮೊರದ ಮೇಲಿನ ಬಳೆಗಳನ್ನೇ ನೋಡಿದಳು.

ಆಯುಧಪೂಜೆಗೆ ವಾರ ಇರುವಾಗ ಸುಷ್ಮಾ ಫೋನು ಮಾಡಿದ್ದಳು. ಈ ಸಲ ಎಲ್ಲ ಗಾಡಿಗೂ ತಮ್ಮ ಮನೆಯ ಕಾಂಪೌಂಡಿನಲ್ಲೇ ಒಟ್ಟಿಗೆ ಪೂಜೆ. ಪೂಜೆ ಆದ ಮೇಲೆ ಒಬ್ಬೊಬ್ಬ ಯಜಮಾನಿಯೂ ತನ್ನ ಡ್ರೈವರಿಗೆ ತಟ್ಟೆಯಲ್ಲಿಟ್ಟು ಬಟ್ಟೆ ಕೊಡುವುದು, ಫೋಟೋದವನು ಬರುತ್ತಾನೆ. “ಎಲ್ರೂ ಒಂದೇ ಥರ ಕೊಟ್ಬಿಡೋಣ ಕಣ್ರೀ, ಆಮೇಲೆ ಅವರವರಲ್ಲೇ ಹೋಲಿಕೆ ಮಾಡ್ಕೊಂಡು ಕೂತ್ಕೋತಾರೆ.” ಹೋಲಿಕೆ ಮಾಡಿಕೊಂಡು ಕೂರುವವರು ಯಾರು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಅಂದಿನಿಂದ ಗಿರಿಜಾಂಬಾಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗುವಳು, ಹಿತ್ತಲಿಗೆ ಯಾಕೆ ಬಂದೆ ಎಂದು ಯೋಚಿಸುತ್ತ ನಿಲ್ಲುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ಜ್ವರ ಬಂತೆಂದು ಹೇಳಿದರೆ? ಗಾಡಿ ಕೆಟ್ಟಿದೆ ಎಂದರೆ? ಹಿಂದಿನ ದಿನ ಅಣ್ಣನಿಗೇ ಫೋನು ಮಾಡಿ, “ನಾಳೆ ಬರಬೇಡ ಅಣ್ಣಯ್ಯ, ಬೇರೆ ಯಾರನ್ನಾದ್ರೂ ಕರೀತೀವಿ,” ಎಂದಳು. ಯಾಕೆಂದು ಹೇಳುವ ಧೈರ್ಯ ಬರಲಿಲ್ಲ. “ಆಯುಧಪೂಜೆ ದಿನ ನನ್ ಗಾಡಿ ಇನ್ನೊಬ್ಬ ಮುಟ್ಟೋದುಂಟಾ?” ಎಂದು ಅವನು ಬೈದು ಫೋನಿಟ್ಟ. ಸಿದ್ದಮಲ್ಲಪ್ಪನಿಗೆ ಕಾರ್ಖಾನೆಯ ಪೂಜೆ, ಅವನು ಜೊತೆಗೆ ಬರುವಂತಿರಲಿಲ್ಲ.

ಬನ್ನಿಮಂಟಪದ ಆ ಕಾಂಪೌಂಡಿನಲ್ಲಿ ಗಾಡಿಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು ಸಾಲಾಗಿ ನಿಂತವು. ಮಂಗಳಾರತಿ ಆಯಿತು. ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಒಂದೊಂದೇ ಗಾಡಿಯನ್ನು ಮುಂದಕ್ಕೆ ಬಿಟ್ಟರು. ಆಮೇಲೆ ಸುಷ್ಮಾ ಚಪ್ಪಾಳೆ ತಟ್ಟಿ ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿದಳು. ಗಿರಿಜಾಂಬಾಳ ತಟ್ಟೆಯಲ್ಲಿದ್ದ ಬಟ್ಟೆಯ ಅಂಚು ಹಿಡಿದು ನೋಡಿ, “ಅಯ್ಯೋ, ಇಷ್ಟು ಒಳ್ಳೇದು ಕೊಟ್ರೆ ನಮ್ಮೋರು ಕೆಟ್ಟೋಗ್ತಾರೆ ಕಣ್ರೀ,” ಎಂದಳು.

ಮೊದಲು ಸುಷ್ಮಾಳ ಡ್ರೈವರ್ ರಾಮಯ್ಯ ಬಂದ. ತಟ್ಟೆ ತೆಗೆದುಕೊಂಡು, ಅದನ್ನು ಪಕ್ಕಕ್ಕಿಟ್ಟು, ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಫೋಟೋದವನು ಕ್ಲಿಕ್ ಎನಿಸಿದ. ಕಾಲು ಮುಟ್ಟುವ ಸಂಗತಿ ಗಿರಿಜಾಂಬಾಳ ಲೆಕ್ಕದಲ್ಲಿ ಇರಲೇ ಇಲ್ಲ. ಅವಳು ಕಾಲ್ಬೆರಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಬದಿಯಲ್ಲಿ ನಿಂತಿದ್ದ ನಾಗಮಣಿ ತನ್ನ ಗಂಡನ ಕೈಗೇ ಒಂದು ಬಾಳೆಹಣ್ಣು ಕೊಟ್ಟು, “ತಗೊಳಪ್ಪಾ ಡ್ರೈವರ್,” ಎಂದಳು. ಮಾಧವ ಕೈಕಟ್ಟಿ, “ಬರೋ ವರ್ಷ ಎರಡು ಕೊಡಿ ಅಮ್ಮಾವ್ರೇ,” ಎಂದ. ಇಬ್ಬರೂ ನಕ್ಕರು. ಸುಷ್ಮಾ ಮುಖ ಸಿಂಡರಿಸಿದಳು. ಆ ಕ್ಷಣದಲ್ಲಿ ಗಿರಿಜಾಂಬಾಳಿಗೆ ಆ ಧೂಳು ಕುಡಿಯುವ ಗಂಡಹೆಂಡಿರ ಮೇಲೆ ಹೊಟ್ಟೆಕಿಚ್ಚು ಬಂತು, ಸುಷ್ಮಾಳ ಎ.ಸಿ.ಯ ಮೇಲೂ ಅಷ್ಟು ಬಂದಿರಲಿಲ್ಲ.

ಮೃತ್ಯುಂಜಯ ಬಂದು ಎದುರಿಗೆ ನಿಂತ. ಒಗೆದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ತಂಗಿಯ ಮುಖವನ್ನು ನೆಟ್ಟ ನೋಟದಿಂದ ನೋಡಿದ. ಅವಳು ಬಾಯಿ ತೆರೆದಳು. ಹಿಂದೆ ಸುಷ್ಮಾ, “ಬೇಗ ಕೊಡಿ, ಬಿಸಿಲು,” ಎಂದಳು. ಅವಳು ತಟ್ಟೆ ಚಾಚಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ, ಪಕ್ಕಕ್ಕಿಟ್ಟ, ಬಗ್ಗಿದ. ಅವಳ ಕಾಲ್ಬೆರಳಿಗೆ ಅವನ ಒರಟು ಬೆರಳು ತಾಗಿತು.

“ಎಷ್ಟು ವಿನಯ ನೋಡಿ ನಿಮ್ಮೋನಿಗೆ,” ಎಂದಳು ಸುಷ್ಮಾ.

ತಲೆನೋವು ಎಂದು ಹೇಳಿ ಗಿರಿಜಾಂಬಾ ಊಟಕ್ಕೂ ನಿಲ್ಲದೆ ಹೊರಟುಬಿಟ್ಟಳು. ದಸರೆಯ ಜನಜಂಗುಳಿಯಲ್ಲಿ ಗಾಡಿ ತೆವಳುತ್ತಿತ್ತು. ಅವಳು ಹಿಂದಿನ ಸೀಟಿನಿಂದ ಅಣ್ಣನ ಕತ್ತು, ನರೆತ ಕೂದಲು ನೋಡುತ್ತ, ಆ ಕಿಟಕಿಯಿಂದ ಈ ಕಿಟಕಿಗೆ ಸರಿಯುತ್ತ, ಸೆರಗನ್ನು ಸುತ್ತುತ್ತ ಬಿಚ್ಚುತ್ತ ಬಂದಳು. ಮನೆಯ ಗೇಟು ದಾಟಿ ಗಾಡಿ ನಿಂತದ್ದೇ ತಡ, ಇಳಿದು ಓಡಿಬಂದು, ಡ್ರೈವರ್ ಕಡೆಯ ಬಾಗಿಲು ತೆಗೆದು ಅವನ ಕಾಲ ಮೇಲೆ ಬಿದ್ದಳು.

“ಯಾಕೆ ಬಗ್ಗಿದೆ ಅಣ್ಣಯ್ಯ? ನನ್ನ ಕಪಾಳಕ್ಕೆ ಹೊಡೀಬಾರ್ದಿತ್ತಾ?”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ತಟ್ಟೆ ಕೊಡೋವಾಗ್ಲಾದ್ರೂ ಹೇಳ್ತೀಯ ಅಂದ್ಕೊಂಡೆ. ಹೇಳ್ಲಿಲ್ಲ. ಎಲ್ರೂ ಬಗ್ಗೋವಾಗ ನಾನೊಬ್ಬ ಬಗ್ಗದೆ ನಿಂತ್ರೆ ನಿನ್ನ ಮರ್ಯಾದೆ ಏನಾಗ್ತಿತ್ತು?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. “ಏಳು. ಇಲ್ಲಿ ಬಿದ್ರೆ ಯಾರು ನೋಡ್ತಾರೆ ಗಿರಿಜಾ?”

ಅವಳು ಎದ್ದಳು. ಕಣ್ಣೊರೆಸಿಕೊಂಡು ಗೇಟಿನ ಕಡೆ ನೋಡಿದಳು. ಆಮೇಲೆ ಗಾಡಿಯನ್ನು ಸುತ್ತಿ ಬಂದು, ಮುಂದಿನ ಬಾಗಿಲು ತೆಗೆದು, ಅವನ ಪಕ್ಕದ ಸೀಟಿನಲ್ಲಿ ಕೂತಳು.

“ನಡಿ ಅಣ್ಣಯ್ಯ, ವಾಪಸ್ ಹೋಗೋಣ.”

“ತಲೆ ಕೆಟ್ಟಿದ್ಯಾ? ಸುಮ್ನೆ ಡೀಸೆಲ್ ದಂಡ.”

“ಆಗ್ಲಿ.”

ಅವರು ಹೋಗುವ ಹೊತ್ತಿಗೆ ಮನೆಯವರ ಊಟ ಮುಗಿದು ಎಲ್ಲರೂ ಮಹಡಿಯ ಮೇಲೆ ತಂಬೋಲ ಆಡುತ್ತಿದ್ದರು. ಕೆಳಗೆ ಕಾರ್ ಶೆಡ್ಡಿನಲ್ಲಿ ಡ್ರೈವರುಗಳ ಪಂಕ್ತಿ ಆಗಷ್ಟೇ ಕೂತಿತ್ತು. ರಾಮಯ್ಯ ಬಡಿಸುತ್ತಿದ್ದ. ಗಿರಿಜಾಂಬಾ ಅಣ್ಣನ ಕೈ ಹಿಡಿದು ಕರೆದುಕೊಂಡು ಹೋಗಿ ಸಾಲಿನ ತುದಿಯಲ್ಲಿ ಕೂರಿಸಿ, ರೇಷ್ಮೆ ಸೀರೆಯ ನೆರಿಗೆ ಒತ್ತರಿಸಿಕೊಂಡು ಪಕ್ಕದಲ್ಲಿ ತಾನೂ ಕೂತಳು. ಯಾರೋ ಮೇಲೆ ಹೋಗಿ ಹೇಳಿರಬೇಕು, ಸುಷ್ಮಾ ಮೆಟ್ಟಿಲಿಳಿದು ಬಂದಳು. ಅವಳ ಹಿಂದೆಯೇ ಎಲ್ಲರೂ ಬಂದರು.

“ಏನ್ರೀ ಗಿರಿಜಾಂಬಾ ಇದು? ಇಲ್ಯಾಕೆ ಕೂತಿದೀರಿ?”

“ನಮ್ಮಣ್ಣಯ್ಯನ ಜೊತೆ ಊಟಕ್ಕೆ ಕೂತಿದೀನಿ,” ಎಂದಳು ಗಿರಿಜಾಂಬಾ. “ಬೆಳಗ್ಗೆ ನನ್ನ ಕಾಲು ಮುಟ್ಟಿದ್ರಲ್ಲ, ಇವರು ನನ್ನ ಒಡಹುಟ್ಟಿದೋರು. ಗೌರಿಗೆ ನಂಗೆ ಬಾಗಿನ ಕೊಡೋರು. ನಿಮ್ಮೆಲ್ಲರ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ ಪಟ್ಟೆ. ಈಗ ಹೇಳ್ತಿದೀನಿ.” ಕೂತಲ್ಲಿಂದಲೇ ತಿರುಗಿ, ಅಣ್ಣನ ಪಾದಕ್ಕೆ ಹಣೆ ಮುಟ್ಟಿಸಿದಳು.

ಸುಷ್ಮಾಳ ಮುಖ ಕೆಂಪೇರಿತು, ಆಮೇಲೆ ಬಿಳಿಚಿಕೊಂಡಿತು. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ... ಮೇಲೆ ಬನ್ನಿ ಇಬ್ರೂ, ಬೇರೆ ಎಲೆ ಹಾಕಿಸ್ತೀನಿ,” ಎಂದಳು. ಗಿರಿಜಾಂಬಾ ತಲೆಯಲ್ಲಾಡಿಸಿದಳು. ಬರುವ ತಿಂಗಳು ಸಾಲಿನಲ್ಲಿ ತನ್ನ ಗಾಡಿ ಎಲ್ಲಿರುತ್ತದೆ, ಇರುತ್ತದೋ ಇಲ್ಲವೋ, ಅವಳಿಗೆ ಗೊತ್ತಿತ್ತು.

ರಾಮಯ್ಯ ಅನ್ನದ ಬಕೀಟು ಹಿಡಿದು ಅವಳ ಎಲೆಯ ಮುಂದೆ ಬಂದವನು ಹಾಗೇ ನಿಂತುಬಿಟ್ಟಿದ್ದ. ಅಮ್ಮಾವ್ರಿಗೆ ಈ ಸಾಲಿನಲ್ಲಿ ಬಡಿಸುವುದೋ ಬೇಡವೋ ಅವನಿಗೆ ತಿಳಿಯಲಿಲ್ಲ. ಒಮ್ಮೆ ಸುಷ್ಮಾಳನ್ನು ನೋಡಿದ, ಒಮ್ಮೆ ಗಿರಿಜಾಂಬಾಳನ್ನು ನೋಡಿದ.

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮೃತ್ಯುಂಜಯ ಎಲೆಯ ಮೇಲೆ ನೀರು ಚಿಮುಕಿಸಿ, ಕತ್ತೆತ್ತಿದ.

“ಬಡ್ಸಪ್ಪ ರಾಮಯ್ಯ,” ಎಂದ, “ನನ್ ತಂಗಿ.”