ಕೆಮ್ಮಣ್ಣಿನ ಗೀಟು

ಕಲ್ಲುಕಟ್ಟೆ ಸ್ಟೇಷನ್ನಿನ ಗೋಡೆಯನ್ನು ಜವರಯ್ಯ ಮೂರು ದಿನದಿಂದ ಕೆರೆಯುತ್ತಿದ್ದ. ಮೇಲೆ ಬಿಳಿ ಸುಣ್ಣ. ಅದರಡಿ ನೀಲಿ, ಸ್ವಾತಂತ್ರ್ಯ ಬಂದ ವರ್ಷ ಬಳಿದದ್ದು. ಅದರಡಿ ಹೊಟ್ಟೆ ಕೆಟ್ಟವನೊಬ್ಬ ಆರಿಸಿದಂಥ ಹಳದಿ. ಎಲ್ಲದರ ತಳದಲ್ಲಿ ನಸುಗೆಂಪು; ಸುಣ್ಣಕ್ಕೆ ಕೆಮ್ಮಣ್ಣು ಕಲಸಿದ, ಮೊದಲ ಗಾಡಿ ಬಂದ ದಿನದ ಬಣ್ಣ.

ಕೃಷ್ಣರಾಜನಗರ ತಾಲ್ಲೂಕಿನ ಈ ಪುಟ್ಟ ನಿಲ್ದಾಣಕ್ಕೆ ರೈಲ್ವೆಯ ದೊಡ್ಡ ಸಾಹೇಬರು ಬರುವವರಿದ್ದರು. ಕಟ್ಟಿದ ದಿನ ಇದ್ದ ಬಣ್ಣವೇ ಇರಬೇಕು ಎಂದು ಕಾಗದ ಬಂದಿತ್ತು. ಸ್ಟೇಷನ್ ಮಾಸ್ಟರ್ ನಂಜುಂಡಸ್ವಾಮಿ ಅದನ್ನು ತೆಗೆತೆಗೆದು ಓದಿ ಮಡಿಕೆಯೇ ಹರಿದಿತ್ತು. ಆದರೆ ತೀರ್ಮಾನ ಅವರದಲ್ಲ. ಸ್ವಾಗತ ಸಮಿತಿಯ ಅಧ್ಯಕ್ಷ, ಬೆಲ್ಲದ ಮಂಡಿ ಗುರುಮಲ್ಲಪ್ಪನವರದು.

"ಕಂಬ ಎಳೇ ಹಸುರು ಕಣ್ರೀ ಮಾಸ್ಟ್ರೇ," ಎಂದರು ಗುರುಮಲ್ಲಪ್ಪ. "ನಮ್ಮಪ್ಪಾರ ಕೈ ಹಿಡ್ಕೊಂಡು ಮೊದಲ್ನೇ ಗಾಡಿ ನೋಡಕ್ಕೆ ಬಂದಿದ್ದೆ. ಕಣ್ಣಿಗೆ ಕಟ್ದಂಗದೆ."

ಜವರಯ್ಯ ಕಂಬದಿಂದೆದ್ದ ಚಕ್ಕೆಯನ್ನು ನೀರಲ್ಲಿ ಅದ್ದಿ ಹಿಡಿದ. ಒಣಗಿದ ಬಣ್ಣ ಮೋಸ ಮಾಡುತ್ತದೆ, ಒದ್ದೆಯಾದರೆ ನಿಜ ಕಾಣುತ್ತದೆ. "ಹಲಸಿನೆಲೆ ಹಸುರು ಬುದ್ದಿ. ಗೋಡೆ ಸುಳ್ಳೇಳಾಕಿಲ್ಲ."

"ನೋಡ್ರೀ, ಹೊಲಗೇರಿ ಪಂಡಿತ!" ಎಂದು ನಕ್ಕರು ಗುರುಮಲ್ಲಪ್ಪ. ಹಲಸಿನೆಲೆ ಹಸಿರೇ ನಿಶ್ಚಯವಾಯಿತು.

ನಾಲ್ಕನೆಯ ದಿನ ಕುಡಿಯುವ ನೀರಿನ ತೊಟ್ಟಿಯ ಹಿಂದಿನ ಗೋಡೆ. ಹಳದಿ ಉದುರಿದ ಕಡೆ ಗೇಣಗಲದ ಕಡುಗೆಂಪು ಪಟ್ಟೆಯೊಂದು ಗೋಡೆಯಿಂದಿಳಿದು ನೆಲದ ಚಪ್ಪಡಿಯವರೆಗೂ ಹರಿದಿತ್ತು. ಜವರಯ್ಯನ ಕೈ ನಿಂತಿತು.

"ಗೀಟು ದಾಟಬ್ಯಾಡ ಕಣ್ಲಾ ಮಗ" ಎನ್ನುತ್ತಿದ್ದಳು ಅವ್ವ. ಈ ಗೀಟಿನಾಚೆ ಬೊಗಸೆಯೊಡ್ಡಿ ನಿಲ್ಲುತ್ತಿದ್ದಳು. ನೀರಿನವನಿಗೆ ಮನಸ್ಸು ಬಂದಾಗ ಮೇಲಿಂದ ಸುರಿಯುತ್ತಿದ್ದ. ಒಂದು ಸಲ ತಾನು ಬಾಯಿ ಮುಕ್ಕಳಿಸಿದ, ಎಲೆಯಡಿಕೆ ಚೂರು ತೇಲುತ್ತಿದ್ದ ನೀರನ್ನೇ ಸುರಿದ. ಅವ್ವ ಕುಡಿದಳು. ಜ್ವರದಲ್ಲಿ ಕಾಯುತ್ತಿದ್ದ ಮಗನಿಗೂ ಕುಡಿಸಿದಳು. ನಲವತ್ತು ದಾಟಿದ ಜವರಯ್ಯನ ನಾಲಗೆಯ ಮೇಲೆ ಆ ಒಗರು ಮತ್ತೆ ಬಂತು. ಹಳಿಯ ಕಡೆ ತಿರುಗಿ ಉಗಿದ.

"ಸಿಕ್ತಲ್ಲ ಮಾಸ್ಟ್ರೇ!" ಗುರುಮಲ್ಲಪ್ಪನವರಿಗೆ ಹಳೇ ನೆಂಟ ಸಿಕ್ಕಷ್ಟು ಖುಷಿ. "ಇದನ್ನೂ ಬಳಿಸ್ಬೇಕು."

"ಅಸ್ಪೃಶ್ಯತೆ ಕಾಯ್ದೆ ಬಂದು ವರ್ಷವಾಯ್ತು, ಯಜಮಾನ್ರೇ..." ಎಂದು ರಾಗ ಎಳೆದರು ಮಾಸ್ಟರು.

"ಕಾಯ್ದೆ ನೀರಿಗೆ ಕಣ್ರೀ, ಗೀಟಿಗಲ್ಲ. ಯಾರು ಎಲ್ಲಿ ನಿಂತಾದ್ರೂ ಕುಡೀಲಿ. ಇದು ಬರೀ ಬಣ್ಣ. ಏನ್ಲಾ ಜವರ, ಗೋಡೆ ಸುಳ್ಳೇಳಾಕಿಲ್ಲ ಅಂದೋನು ನೀನೇ ಅಲ್ವಾ?"

ಗುರುಮಲ್ಲಪ್ಪನವರದು ಒಗೆದ ಪಂಚೆ, ಇಸ್ತ್ರಿ ಹಾಕಿದ ಅಂಗಿ, ಬಾಯಲ್ಲಿ ಏಲಕ್ಕಿಯ ಘಮ. ಹೇಸಿಗೆ ನಾರಲೇಬೇಕೆಂದು ಯಾರು ಹೇಳಿದರು?

"ನನ್ನ ಕೈಲಾಗಾಕಿಲ್ಲ ಬುದ್ದಿ."

"ಬುಡು. ಕಂಪಲಾಪುರದಿಂದ ಬೇರೆಯೋನ್ನ ಕರೆಸ್ತೀನಿ. ಗೀಟೆಳೆಯಕ್ಕೆ ಜನಕ್ಕೇನು ಬರವೇ?"

ಬರವಿಲ್ಲ ಎಂದು ಜವರಯ್ಯನಿಗೂ ಗೊತ್ತು. ತಾನು ಕೈಬಿಟ್ಟರೆ ಇನ್ನೊಬ್ಬ ಬಳಿಯುತ್ತಾನೆ, ಅದು ಅವ್ವನನ್ನು ತಡೆದ ಗೀಟಾಗಿ ಅಲ್ಲೇ ಇರುತ್ತದೆ. ಕರಣೆಯ ಅಂಚಿಗೆ ಅಂಟಿದ್ದ ಕೆಂಪು ಪುಡಿಯನ್ನು ಹೆಬ್ಬೆರಳಲ್ಲಿ ಒರೆಸಿದ.

"ನಾನೇ ಬಳೀತೀನಿ. ಆದ್ರೆ ಗೋಡೆ ಏನೇನು ಏಳ್ತದೋ ಎಲ್ಲಾನೂ ಬಳೀತೀನಿ."

"ಎಲ್ಲಾನೂ ಬಳಿ! ಅದೇ ತಾನೇ ನಾನೂ ಹೇಳ್ತಿರೋದು?"

ಮಧ್ಯಾಹ್ನದ ಗಾಡಿ ಹೋದ ಮೇಲೆ ಜವರಯ್ಯ ಮೊದಲ ದರ್ಜೆಯ ಕೋಣೆಯ ಬಾಗಿಲ ಬಳಿ ಕೆರೆಯಲು ಕೂತ. ಅವನ ಎಣಿಕೆ ತಪ್ಪಲಿಲ್ಲ. ಹೊಸ್ತಿಲ ಮುಂದೆ ಅದೇ ಕಡುಗೆಂಪು, ಅದೇ ಗೇಣಗಲ. ಪಕ್ಕದ ಗೋಡೆಯಲ್ಲಿ ಅಳಿದುಳಿದ ಇಂಗ್ಲಿಷ್ ಅಕ್ಷರಗಳು. ಮಾಸ್ಟರನ್ನು ಕರೆದು ತೋರಿಸಿದ. ಅವರು ಬಗ್ಗಿ ಓದಿ, ಆಚೀಚೆ ನೋಡಿದರು.

"ಬಿಳಿಯರಿಗೆ ಮಾತ್ರ ಅಂತ ಇದೆ. ಮುಚ್ಚಿಬಿಡಪ್ಪ."

"ಎಲ್ಲಾನೂ ಬಳಿ ಅಂದವ್ರೆ ಸೋಮಿ."

ಮಾಸ್ಟರು ಮತ್ತೆ ಕಾಗದ ತೆಗೆದರು. ಮಡಿಕೆಯಲ್ಲಿ ಅದು ಎರಡು ತುಂಡಾಯಿತು.

ಗೀಟು ಬಳಿಯುವ ಕೆಲಸವನ್ನು ಕೊನೆಯ ರಾತ್ರಿಗೆ ಉಳಿಸಿಕೊಂಡ ಜವರಯ್ಯ ಎರಡು ಡಬ್ಬಿಯಲ್ಲಿ ಕೆಮ್ಮಣ್ಣು ಕಲಸಿದ. ಒಂದಕ್ಕೆ ಅಂಟು ಹಾಕಿದ. ಇನ್ನೊಂದಕ್ಕೆ ಹಾಕಲಿಲ್ಲ.

ಸಾಹೇಬರು ಬರುವ ದಿನ ಗುರುಮಲ್ಲಪ್ಪ ಜರಿ ಪೇಟ ಸುತ್ತಿ, ಹಾರದ ತಟ್ಟೆ ಹಿಡಿದು ಬಂದರು. ತೊಟ್ಟಿಯ ಗೀಟನ್ನು ನೋಡಿ ತಲೆದೂಗಿ, ಹಾರವನ್ನಿಡಲು ಮೊದಲ ದರ್ಜೆಯ ಕೋಣೆಯತ್ತ ಸರಸರ ನಡೆದರು. ಹೊಸ್ತಿಲ ಮುಂದೆ ಕಾಲು ನಿಂತಿತು.

ಅವರು ನಿಲ್ಲಿಸಿದ್ದಲ್ಲ, ತಾನಾಗಿ ನಿಂತಿತು. ಐವತ್ತರ ಗಂಡಸು ಅಪ್ಪನ ಕೈಗೆ ಜೋತುಬಿದ್ದ ಹುಡುಗನಂತೆ ಗೀಟನ್ನೇ ನೋಡಿದರು. ಮೊದಲ ಗಾಡಿ ಬಂದ ಆ ದಿನ ಇಲ್ಲಿ ಅಪ್ಪನಿಗೆ ಏನಾಗಿತ್ತೋ, ಊರಿಗೆ ಅವರು ಹೇಳಿದವರಲ್ಲ. ಮುಖ ಮಾತ್ರ ಸುಣ್ಣವಾಯಿತು.

"ಏನ್ಲಾ ಇದು?"

"ಗೋಡೆ ಏಳ್ತು," ಎಂದ ಜವರಯ್ಯ. ಬುದ್ದಿ ಎನ್ನಲಿಲ್ಲ. "ದಾಟಿ ಗುರುಮಲ್ಲಪ್ನೋರೆ. ಬರೀ ಬಣ್ಣ."

ಕಾಲು ಏಳಲಿಲ್ಲ. ದೂರದಲ್ಲಿ ಗಾಡಿ ಕೂಗಿತು.

"ಅಳಿಸ್ಲಾ! ಸಾಹೇಬ್ರು ನೋಡಿದ್ರೆ ನನ್ನ ಮಾನ ಏನಾಯ್ತದೆ? ಅಳಿಸು!"

"ಎರಡೂನೂವಾ?"

"ಎರಡೂ ಅಳಿಸು, ಮೊದ್ಲು ಅಳಿಸು!"

ಜವರಯ್ಯ ಬಕೆಟ್ಟು ಎತ್ತಿಕೊಂಡು ನೀರಿನ ತೊಟ್ಟಿಯ ಕಡೆ ನಡೆದ. ಅಂಟಿಲ್ಲದ ಕೆಮ್ಮಣ್ಣು, ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಬಂತು. ತಳದಲ್ಲಿ ಉಳಿದಿದ್ದ ಹಳೆಯ ಗೀಟನ್ನು ಕರಣೆಯಿಂದ ಗಾರೆ ಕಾಣುವ ತನಕ ಹೆರೆದುಹಾಕಿದ. ಆಮೇಲೆ ನಲ್ಲಿ ತಿರುಗಿಸಿ, ಬಾಯಿ ಮುಕ್ಕಳಿಸಿ, ಬೊಗಸೆ ತುಂಬ ಹಿಡಿದು ಕುಡಿದ.

ಆಚೆ ಗುರುಮಲ್ಲಪ್ಪ ಹಾರದ ತಟ್ಟೆ ಕೆಳಗಿಟ್ಟು, ಜರಿಯ ಶಲ್ಯದಿಂದ ನೆಲ ಉಜ್ಜುತ್ತಿದ್ದರು. ಅದಕ್ಕೆ ಅಂಟು ಹಾಕಿತ್ತು. ಗೀಟು ದಾಟದೆ ಹೊರಗೇ ಕುಕ್ಕರುಗಾಲಲ್ಲಿ ಕೂತು ಉಜ್ಜುತ್ತಲೇ ಇದ್ದರು. ಗಾಡಿ ಬಂದು ನಿಂತಿತು.